ಮಳೆನೀರು, ತರಗೆಲೆ ಮತ್ತು ಹಿತ್ತಲ ಕೈತೋಟ

ಕೈತೋಟಕ್ಕೆ ಬೇಕಾದ ನೀರು ಮತ್ತು ಗೊಬ್ಬರದ ಬಹುಪಾಲು ಮನೆಯಲ್ಲೇ ದೊರೆಯುತ್ತದೆ. ಅದನ್ನು ಹಿಡಿದಿಡುವ ಏರ್ಪಾಡಷ್ಟೇ ಆಗಬೇಕು. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1000 ಲೀಟರ್ ನೀರು ಬೀಳುತ್ತದೆ, ಅದರಲ್ಲಿ ಸುಮಾರು 800 ಲೀಟರ್ ಕೈಗೆ ಸಿಗುತ್ತದೆ. ಮೊದಲು ಬರುವ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಡ್ರಮ್ಮಿಗೆ ಹರಿಸಿ, ಸೊಳ್ಳೆ ನುಸುಳದಂತೆ ಬಾಯಿಗೆ ಬಟ್ಟೆ ಕಟ್ಟಬೇಕು.

ಗೊಬ್ಬರಕ್ಕೆ ತಾಳ್ಮೆ ಹೆಚ್ಚು ಬೇಕು. ತೂತುಗಳಿರುವ ಹಳೆಯ ಬಕೆಟ್ಟಿನ ತಳಕ್ಕೆ ತೆಂಗಿನ ನಾರು ಹಾಸಿ, ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಮೂರು ಪಾಲು ತರಗೆಲೆಯಂತೆ ಪದರ ಪದರವಾಗಿ ತುಂಬಿ, ನಡುನಡುವೆ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೊಮ್ಮೆ ಕೆದಕಬೇಕು. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿಯಷ್ಟೇ ತೊಟ್ಟಿಕ್ಕಿದರೆ ಹದ ಸರಿಯಿದೆ. ನಾತ ಬಂದರೆ ಇನ್ನಷ್ಟು ಒಣ ಎಲೆ ಬೆರೆಸಬೇಕು. ಎರಡು ಮೂರು ತಿಂಗಳಲ್ಲಿ ಅದು ಕಪ್ಪಗೆ ಪುಡಿಪುಡಿಯಾಗಿ, ಹೊಸ ಮಳೆಗೆ ನೆನೆದ ಮಣ್ಣಿನ ಕಂಪು ಸೂಸುತ್ತದೆ. ಇಂತಹ ಎಲೆಗಳನ್ನು ರಸ್ತೆಬದಿಯಲ್ಲಿ ಗುಡಿಸಿ ಬೆಂಕಿಯಿಡುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಉಳಿದ ತರಗೆಲೆಯನ್ನು ಕಾಂಡಕ್ಕೆ ತಾಗದಂತೆ ಗಿಡದ ಸುತ್ತ ಎರಡು ಅಂಗುಲ ದಪ್ಪ ಹೊದಿಸಿದರೆ, ಬೇಸಿಗೆಯಲ್ಲೂ ತೇವ ಬೇಗ ಆರುವುದಿಲ್ಲ. ಬೀಜಕ್ಕಾಗಿ ಒಂದು ಒಳ್ಳೆಯ ಹೀರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಅಲುಗಿಸಿದಾಗ ಗಲಗಲ ಸದ್ದಾದ ಮೇಲೆ ಕಿತ್ತು, ಬೀಜಗಳಿಗೆ ಒಲೆಯ ಬೂದಿ ಸವರಿ ಡಬ್ಬಿಯಲ್ಲಿಡಬೇಕು.