ಏಪ್ರಿಲ್ ಹಿಮಕ್ಕೆ ಹೊರಟಿದ್ದೀರಾ? ಮೊದಲು ಬೂಟು ಊರಿ ನೋಡಿ

ಪರೀಕ್ಷೆ ಮುಗಿದದ್ದೇ ತಡ, ಮೈಸೂರು, ಮಂಡ್ಯದ ಹುಡುಗರು ಹಿಮಾಲಯಕ್ಕೆ ರೈಲು ಹತ್ತುತ್ತಾರೆ. ತಯಾರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಕಾಲಿಗೆ ಒಳ್ಳೆಯದೇ. ಆದರೆ ಆ ಮೆಟ್ಟಿಲು ಮಧ್ಯಾಹ್ನ ಕರಗಿ ಜಾರುವುದಿಲ್ಲ ಅಲ್ವಾ! ಇಳಿಜಾರಿನ ಹಿಮ ಜಾರುತ್ತದೆ. ಆ ಹಿಮಕುಸಿತದಿಂದ ತಪ್ಪಿಸಿಕೊಳ್ಳಲು ಈ ಐದು ಮಾತು.

ಒಂದು: ಸಾಮಾನು. ಉಣ್ಣೆ ಸಾಕ್ಸ್, ಕಪ್ಪು ಕನ್ನಡಕ, ಗಟ್ಟಿ ಬೂಟು ಇರಲಿ. ಹಿಮಕುಸಿತಕ್ಕೆ ಬೇಕಾದದ್ದನ್ನು ಐದರಲ್ಲಿ ಹೇಳುತ್ತೇನೆ. ‘ವಾಟರ್‌ಪ್ರೂಫ್’ ಅಂತ ಚೀಟಿ ಅಂಟಿಸಿದ ಅಗ್ಗದ ಬೂಟು ಬೇಡವೇ ಬೇಡ. ನನ್ನದು ಒಂದು ಗಂಟೆಗೆ ನೀರು ಕುಡಿದಿತ್ತು.

ಎರಡು: ಹಿಂದಿನ ರಾತ್ರಿ ಟೆಂಟಿನಿಂದ ತಲೆ ಹೊರಗೆ ಹಾಕಿ. ನಕ್ಷತ್ರ ಕಂಡರೆ ಹಿಮದ ಬಿಸಿಯೆಲ್ಲ ಆಕಾಶಕ್ಕೆ ಹೋಗಿ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಇದ್ದರೆ ಕಂಬಳಿ ಹೊದಿಸಿದ ಹಾಗೆ, ಹೆಪ್ಪುಗಟ್ಟುವುದು ಕಷ್ಟ. ಅಂಥ ಬೆಳಿಗ್ಗೆ ನಾನಂತೂ ಕಡಿದಾದ ಕಡೆ ಹೋಗುವುದಿಲ್ಲ.

ಮೂರು, ಎಲ್ಲರೂ ಎಡವುವುದು ಇಲ್ಲೇ: ಹೊರಡುವ ಮತ್ತು ಹಿಂತಿರುಗುವ ಹೊತ್ತು. ಉಪ್ಪಿಟ್ಟು ತಿಂದು, ಫೋಟೋ ತೆಗೆದು, ಒಂಬತ್ತಕ್ಕೆ ಹೊರಡುವವರನ್ನು ಎಷ್ಟು ಸಲ ನೋಡಿದ್ದೇನೋ. ವಸಂತದ ಹಿಮ ದಿನಾ ಕರಗಿ, ರಾತ್ರಿ ಹೆಪ್ಪುಗಟ್ಟಿ, ದಪ್ಪ ಸಕ್ಕರೆಯ ಹಾಗೆ ಕಾಳುಕಾಳಾಗಿರುತ್ತದೆ. ರಾತ್ರಿ ಆ ಕಾಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಸಿಲು ಏರಿದಂತೆ ಅಂಟು ಬಿಡುತ್ತದೆ, ನೀರು ಒಳಗಿಳಿಯುತ್ತದೆ, ಮೇಲಿನದ್ದೆಲ್ಲ ಒಟ್ಟಿಗೆ ಜಾರುತ್ತದೆ. ಒದ್ದೆ ಸಕ್ಕರೆಯ ರಾಶಿ ಕುಸಿಯುವುದನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾ?

ಅದಕ್ಕೇ ನಸುಕಿಗೆ ಮುಂಚೆ ಹೊರಡಿ, ಪದೇ ಪದೇ ಬೂಟು ಊರಿ ನೋಡಿ. ಅಚ್ಚು ಮಾತ್ರ ಬಿದ್ದರೆ ನಡೆಯಿರಿ. ಪಾದ ಮುಳುಗತೊಡಗಿದರೆ ತಿರುಗಿ ಬನ್ನಿ, ಶಿಖರ ಹತ್ತೇ ನಿಮಿಷ ಅಂತ ಯಾರು ಹೇಳಿದರೂ ಸರಿ. ಮೊಣಕಾಲವರೆಗೆ ಹೂತರೆ ಆಗಲೇ ತಡವಾಗಿದೆ. ಹಿಡಿ ಹಿಮ ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ, ಮೇಲಿಂದ ಹಿಮ ಚಾಪೆ ಸುತ್ತಿದ ಹಾಗೆ ಉರುಳುತ್ತಾ ಬಂದರೆ, ಅದೂ ವಾಪಸ್ ಹೊರಡಿ ಅಂತಲೇ. ಪೂರ್ವದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನ.

ನಾಲ್ಕು: ಇಳಿಜಾರು ಅಳೆಯಿರಿ. ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಟ್ಟು, ಕೋನ ಅಳೆಯುವ ಆ್ಯಪಿನಲ್ಲಿ ನೋಡಿ. 30ರಿಂದ 45 ಡಿಗ್ರಿ ಇದ್ದರೆ ಹಿಮಕುಸಿತಕ್ಕೆ ಹೇಳಿಮಾಡಿಸಿದ ಜಾಗ. ನೀವು ನಿಂತದ್ದು ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೇನಿದೆ ನೋಡಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ದಾರಿಯಲ್ಲಿ ಸತ್ತ 7 ಜನ ಸುಮ್ನೆ ಹಿಮ ನೋಡಲು ಬಂದ ಪ್ರವಾಸಿಗರು.

ಐದು: ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ನೋಡುತ್ತಿರಲಿ. ಹೂತವರನ್ನು ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ, ಆಮೇಲೆ ಬೇಗ ಕುಸಿಯುತ್ತದೆ. ಕೆಳಗಿನಿಂದ ಸಹಾಯ ಬರುವ ಹೊತ್ತಿಗೆ ಅಷ್ಟು ಸಮಯ ಎಲ್ಲಿರುತ್ತೆ? ಸಿಗ್ನಲ್ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದನೆ ಕಡ್ಡಿ, ಸಲಿಕೆ, ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಪ್ಲಾಸ್ಟಿಕ್ ಸಲಿಕೆ ತರಬೇಡಿ, ಕುಸಿದು ನಿಂತ ಹಿಮ ಸಿಮೆಂಟಿನಷ್ಟು ಗಟ್ಟಿ. ದುಡ್ಡು ಕಟ್ಟುವ ಮುಂಚೆಯೇ ಟ್ರೆಕ್ ಕಂಪನಿಯವರನ್ನು ಕೇಳಿ: ಸಲಿಕೆ ಎಷ್ಟಿವೆ?