ಬೋಲ್ಡ್ ಮುಂದಿನ ಪ್ಯಾರಾಕ್ಕೂ ಹಬ್ಬಿದಾಗ

ಮಡಿಕೇರಿಯ ಕಾಫಿ ಬೆಳೆಗಾರರ ಸಭೆಯ ನೋಟಿಸು. ವರ್ಡ್‌ನಲ್ಲಿ 'ಸಭೆಯ ವಿಷಯಗಳು' ಎಂಬ ತಲೆಬರಹ ಬೋಲ್ಡ್ ಮಾಡಿ ಎಂಟರ್ ಒತ್ತಿದರೆ, ಕೆಳಗಿನ 'ಕಾಳುಮೆಣಸಿನ ದರ'ವೂ ದಪ್ಪಕ್ಷರ. ಸಾಲಿನ ಬೋಲ್ಡ್ ತೆಗೆದರೂ ಮುಂದಿನ ಎಂಟರ್‌ಗೆ ಮತ್ತೆ ಅದೇ.

ಕಂಟ್ರೋಲ್+ಶಿಫ್ಟ್+8 ಒತ್ತಿ ಅಡಗಿದ ಗುರುತುಗಳನ್ನು ತೋರಿಸಿದಾಗ ಕಾರಣ ಕಂಡಿತು. ಪ್ಯಾರಾದ ಕೊನೆಯ ¶ ಗುರುತಿಗೂ ಬೋಲ್ಡ್ ಅಂಟುತ್ತದೆ; ಎಂಟರ್ ಒತ್ತಿದರೆ ಹೊಸ ಪ್ಯಾರಾ ಅದರ ಗುಣವನ್ನೇ ಹೊತ್ತು ಬರುತ್ತದೆ. ಅಕ್ಷರಗಳನ್ನಷ್ಟೇ ಸೆಲೆಕ್ಟ್ ಮಾಡಿದರೆ ¶ ಹೊರಗುಳಿಯುತ್ತದೆ. ಅದನ್ನೂ ಸೇರಿಸಿ ಸೆಲೆಕ್ಟ್ ಮಾಡಿ ಕಂಟ್ರೋಲ್+ಸ್ಪೇಸ್ ಒತ್ತಿದೆ, ಹೋಯಿತು. ಲಿಬ್ರೆ ಆಫೀಸ್‌ನಲ್ಲಾದರೆ ಕಂಟ್ರೋಲ್+ಎಂ.

ಒಂದು ಎಚ್ಚರಿಕೆ: ಕಂಟ್ರೋಲ್+ಸ್ಪೇಸ್ ನಾವೇ ಹಾಕಿದ ಫಾಂಟನ್ನೂ ಕಿತ್ತುಹಾಕುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಬರಹವಾದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಲ್ಲಿ ¶ ಸೇರಿಸಿ ಕಂಟ್ರೋಲ್+ಬಿ ಮಾತ್ರ ಬಳಸಿ.

ತಲೆಬರಹಕ್ಕೆ ಹೆಡಿಂಗ್ 1 ಸ್ಟೈಲ್ ಕೊಡುವುದೇ ಸರಿಯಾದ ದಾರಿ. ಸ್ಟೈಲ್‌ಗಳ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್, ಮಾಡಿಫೈ, 'ಸ್ಟೈಲ್ ಫಾರ್ ಫಾಲೋಯಿಂಗ್ ಪ್ಯಾರಾಗ್ರಾಫ್' ಎದುರು ನಾರ್ಮಲ್. ಅಲ್ಲೇ 'ಆಟೊಮ್ಯಾಟಿಕಲಿ ಅಪ್‌ಡೇಟ್'ಗೆ ಟಿಕ್ ಇದ್ದರೆ ತೆಗೆಯಿರಿ; ಇಲ್ಲವಾದರೆ ಒಂದು ಪ್ಯಾರಾ ಬೋಲ್ಡ್ ಮಾಡಿದರೆ ಅದೇ ಸ್ಟೈಲಿನ ಎಲ್ಲವೂ ಬೋಲ್ಡ್ ಆಗುತ್ತವೆ.