ಹಳೆಯ ಕಾರಿನ ಸ್ಟೀರಿಂಗ್ ಸಡಿಲವೇ? ಚಕ್ರದಿಂದ ಹುಡುಕಲಾರಂಭಿಸಿ

ಹಳೆಯ ಕಾರಿನ ಸ್ಟೀರಿಂಗ್‌ನಲ್ಲಿ ಪ್ಲೇ (ಚಕ್ರ ಕದಲದೆ ಸ್ಟೀರಿಂಗ್ ಮಾತ್ರ ಸರಿಯುವ ಸಡಿಲ) ಹೆಚ್ಚಾದಾಗ ಅನೇಕರು ಮೊದಲು ಕೈಹಾಕುವುದು ಸ್ಟೀರಿಂಗ್ ದಂಡದ ಕೆಳತುದಿಯ ಗೇರು ಪೆಟ್ಟಿಗೆಯಾದ ಸ್ಟೀರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂಗೆ. ಕೈಗೆ ಸುಲಭವಾಗಿ ಸಿಗುತ್ತದೆ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆಯಿಲ್ಲ. ಆ ಸ್ಕ್ರೂವನ್ನು ಮುಟ್ಟಬೇಕಾದದ್ದು ಕಟ್ಟಕಡೆಗೆ.

ಮೊದಲು ಟೈರುಗಳ ಗಾಳಿಯನ್ನು ಸರಿಪಡಿಸಿ, ಚಕ್ರಗಳು ನೇರವಾಗಿರುವಂತೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರ ಕದಲುವ ಮೊದಲು ಸ್ಟೀರಿಂಗ್ ಚಕ್ರದ ಅಂಚು ಎಷ್ಟು ದೂರ ಸರಿಯುತ್ತದೆಂದು ಅಳೆಯಿರಿ. ಸ್ಟೀರಿಂಗ್ ಬಾಕ್ಸ್ ಇರುವ ಕಾರುಗಳಲ್ಲಿ ಇದು ಸುಮಾರು 25 ಮಿ.ಮೀ. ದಾಟಿದರೆ ಎಲ್ಲೋ ಸವೆತವಿದೆ ಎಂದೇ ತಿಳಿಯಬಹುದು. ನಿಖರ ಮಿತಿಗೆ ಕಾರಿನ ಕೈಪಿಡಿಯೇ ಪ್ರಮಾಣ.

ಸವೆತವಿರುವ ಜಾಗ ಹುಡುಕಲು ಇಬ್ಬರು ಬೇಕು. ಚಕ್ರಗಳು ನೆಲದ ಮೇಲೇ ಇರುವಾಗ ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಎಡಬಲಕ್ಕೆ ಅಲುಗಾಡಿಸುತ್ತಿರಲಿ. ಇನ್ನೊಬ್ಬರು ಸ್ಟೀರಿಂಗಿನ ಚಲನೆಯನ್ನು ಚಕ್ರಗಳಿಗೆ ಮುಟ್ಟಿಸುವ ಸರಳು-ತೋಳುಗಳ ಕೀಲುಗಳನ್ನು, ಅಂದರೆ ಟೈ ರಾಡಿನ ಪ್ರತಿ ಎಂಡ್ (ತುದಿಯ ಕೀಲು), ಡ್ರ್ಯಾಗ್ ಲಿಂಕ್ ಮತ್ತು ಐಡ್ಲರ್ ಆರ್ಮ್‌ಗಳ ಮೇಲೆ ಬೆರಳಿಟ್ಟು ನೋಡಲಿ. ಕೀಲಿನ ಒಂದು ಬದಿ ಚಲಿಸಿ ಇನ್ನೊಂದು ತಡವಾಗಿ ಹಿಂಬಾಲಿಸಿದರೆ ದೋಷ ಅಲ್ಲಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ.

ಬಳಿಕ ಕಾರನ್ನು ಜಾಕ್‌ನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಸಡಿಲ ಕಂಡರೆ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಿ: ಸಡಿಲ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಕಾರಣ. ಕಿಂಗ್ ಪಿನ್ನಿನ ಹೊಸ ಬುಷ್‌ಗಳಿಗೆ ಸಾಮಾನ್ಯವಾಗಿ ರೀಮರ್ (ರಂಧ್ರವನ್ನು ಹಿಗ್ಗಿಸುವ ಉಪಕರಣ) ಹಾಕಿ ಅಳತೆಗೆ ತರಬೇಕಾಗುವುದರಿಂದ ಆ ಕೆಲಸವನ್ನು ಉಪಕರಣವಿರುವ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಟೈ ರಾಡ್ ಎಂಡನ್ನು ಮಾತ್ರ ಮನೆಯಲ್ಲೇ ಬದಲಿಸಬಹುದು. ರಾಡಿನ ಮೇಲಿನ ಲಾಕ್ ನಟ್ ಸಡಿಲಿಸಿ, ಕೀಲಿನ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ಆ ನಟ್ಟನ್ನು ಪೂರ್ತಿ ಬಿಚ್ಚದೆ ಕೆಲವು ಸುತ್ತು ಉಳಿಸಿಕೊಂಡು, ಎಳೆದು ಕಳಚುವ ಸಾಧನವಾದ ಪುಲ್ಲರ್‌ನಿಂದ ಕೀಲನ್ನು ಬಿಡಿಸಿ. ಹಳೆಯದು ರಾಡಿನಿಂದ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಒಂದು ತುದಿಯಲ್ಲಿ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಮರೆ) ಇರುವುದು ಸಾಮಾನ್ಯ ಎಂಬುದು ನೆನಪಿರಲಿ. ಕೀಲಿನ ನಟ್ಟನ್ನು ಕೈಪಿಡಿ ಹೇಳುವ ಬಿಗಿತಕ್ಕೆ, ಅಂದರೆ ಟಾರ್ಕ್‌ಗೆ ಬಿಗಿದ ಮೇಲೆ ನಟ್ಟಿನ ಸೀಳಿಗೆ ಪಿನ್ನಿನ ರಂಧ್ರ ಹೊಂದದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಕೂಡದು. ಸ್ಪ್ಲಿಟ್ ಪಿನ್ ಹೊಸದೇ ಆಗಿರಬೇಕು. ಬಗ್ಗಿದ ರಾಡನ್ನು ಕಾಯಿಸಿ ನೇರಗೊಳಿಸುವುದು, ಬಿರುಕಿಗೆ ವೆಲ್ಡಿಂಗ್ ಮಾಡುವುದು ಎರಡೂ ಪ್ರಾಣಾಪಾಯಕ್ಕೆ ದಾರಿ.

ಇಷ್ಟಾದರೂ ಪ್ಲೇ ಉಳಿದಿದ್ದರೆ ಈಗ ಸ್ಟೀರಿಂಗ್ ಬಾಕ್ಸಿನ ಸರದಿ. ಎಣ್ಣೆಯ ಮಟ್ಟ ನೋಡಿ, ಚಕ್ರಗಳನ್ನು ನೇರವಾಗಿಟ್ಟು, ಸ್ಕ್ರೂವನ್ನು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ ಪರೀಕ್ಷಿಸಿ. ಬಾಕ್ಸಿನ ಒಳಭಾಗ ಹೆಚ್ಚು ಸವೆಯುವುದು ನೇರ ಚಾಲನೆಯ ಸ್ಥಾನದಲ್ಲೇ. ಅಲ್ಲಿನ ಸಡಿಲವನ್ನು ಪೂರ್ತಿ ತೆಗೆಯಹೋದರೆ ತಿರುವಿನಲ್ಲಿ ಸ್ಟೀರಿಂಗ್ ಬಿಗಿಹಿಡಿದು, ತಾನಾಗಿ ನೇರಕ್ಕೆ ಮರಳದು. ಹಾಗಾದರೆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಬಾಕ್ಸನ್ನು ಬಿಚ್ಚಿ ಸವೆದ ಭಾಗಗಳನ್ನು ಬದಲಿಸಬೇಕು.

ಯಾವ ಕೀಲನ್ನು ಬದಲಿಸಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆಯೇ ಕಾರನ್ನು ವೇಗವಾಗಿ ಓಡಿಸಿ.